ನಾನೂರು ವರ್ಷ ಹಳೆಯ ನಕ್ಷತ್ರ ನಕ್ಷೆಯನ್ನು ಓದುವುದು ಹೇಗೆ?

ಹಳೆಯ ನಕ್ಷತ್ರ ನಕ್ಷೆ ಕೈಗೆ ಸಿಕ್ಕರೆ ಕಣ್ಣು ಮೊದಲು ಹೋಗುವುದು ಚಿತ್ರದ ಮೇಲೆ. ಗದೆ ಎತ್ತಿದ ಬೇಟೆಗಾರ, ನುಗ್ಗಿ ಬರುವ ಗೂಳಿ, ಬಂಡೆಗೆ ಕಟ್ಟಿಹಾಕಿದ ರಾಜಕುಮಾರಿ. ಎಷ್ಟು ಚೆನ್ನಾಗಿ ಕೆತ್ತಿದ್ದಾರೆ ಅಂತ ಮೆಚ್ಚಿ ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಆದರೆ ಇವುಗಳಲ್ಲಿ ಒಳ್ಳೆಯವು ನಿಜವಾದ ಅಳತೆಯ ಹಾಳೆಗಳು. ಅಂಚಿನಲ್ಲಿ ಡಿಗ್ರಿಗಳ ಗುರುತು ಇರುತ್ತದೆ. ಸ್ಕೇಲ್ ಇಟ್ಟು ಓದಿದರೆ ಅದು ಯಾವ ವರ್ಷದ ಆಕಾಶ ಅಂತ ನೀವೇ ಲೆಕ್ಕ ಹಾಕಬಹುದು. ಯಾವ ನಕ್ಷೆ ಯಾವುದರ ನಕಲು, ಯಾವುದರಲ್ಲಿ ಇಲ್ಲದ ನಕ್ಷತ್ರ ಸೇರಿಕೊಂಡಿದೆ, ಇದನ್ನೂ ಕಂಡುಹಿಡಿಯಬಹುದು.

ಅದಕ್ಕೆ ಒಂದು ಅಭ್ಯಾಸ ಬೇಕು. ಮೊದಲು ಚುಕ್ಕಿ ನೋಡಿ, ಆಮೇಲೆ ಗೆರೆ, ಕೊನೆಗೆ ಚಿತ್ರ. ಈ ಲೇಖನ ಹೋಗುವುದೂ ಅದೇ ಕ್ರಮದಲ್ಲಿ.

ಶುರು ಮಾಡುವ ಮುನ್ನ

ಬೇಕಾಗುವುದು ಕಡಿಮೆ. ದೊಡ್ಡದು ಮಾಡಿ ನೋಡಬಹುದಾದ ಒಳ್ಳೆಯ ಸ್ಕ್ಯಾನ್, ಚಿತ್ರವನ್ನು ಎಡಬಲ ತಿರುಗಿಸುವ ಯಾವುದಾದರೂ ಆಪ್, ಸ್ಕೇಲು, ಪೆನ್ಸಿಲ್, ಟ್ರೇಸಿಂಗ್ ಪೇಪರ್. ಜೊತೆಗೆ ಸ್ಟೆಲೇರಿಯಮ್ ಅನ್ನುವ ಉಚಿತ ಸಾಫ್ಟ್‌ವೇರ್. ಅದರಲ್ಲಿ ಹಿಂದಿನ ಯಾವ ವರ್ಷಕ್ಕೆ ಬೇಕಾದರೂ ಹೋಗಿ ಆಕಾಶ ನೋಡಬಹುದು.

ಸ್ಕ್ಯಾನ್‌ಗಳಿಗೆ ಕೊರತೆ ಇಲ್ಲ. ಅಮೆರಿಕದ ಲಿಂಡಾ ಹಾಲ್ ಗ್ರಂಥಾಲಯ ಹಳೆಯ ಆಕಾಶ ಅಟ್ಲಾಸ್‌ಗಳ ದೊಡ್ಡ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಲೈಬ್ರರಿ ಆಫ್ ಕಾಂಗ್ರೆಸ್, ವಿಕಿಮೀಡಿಯಾ ಕಾಮನ್ಸ್ ಕೂಡ ನೋಡಿ. ಒಂದು ಎಚ್ಚರಿಕೆ: ಮಾರಾಟದ ಪೋಸ್ಟರ್‌ಗಳ ಚಿತ್ರ ಇಳಿಸಿಕೊಳ್ಳಬೇಡಿ. ಅವುಗಳಲ್ಲಿ ಅಂಚು ಕತ್ತರಿಸಿರುತ್ತಾರೆ. ಅಂಚು ಹೋದರೆ ಡಿಗ್ರಿಗಳೂ ಹೋದಂತೆ.

ಯಾವುದರಿಂದ ಶುರು ಮಾಡುವುದು? ಹೆಚ್ಚಿನವರು ಆಂಡ್ರಿಯಾಸ್ ಸೆಲಾರಿಯಸ್‌ನ 1660ರ ಬಣ್ಣಬಣ್ಣದ ಹಾಳೆಗಳಿಗೆ ಮರುಳಾಗುತ್ತಾರೆ. ಗೋಡೆಗೆ ಹಾಕಲು ಅದಕ್ಕಿಂತ ಚೆಂದದ್ದು ಸಿಗುವುದಿಲ್ಲ, ನಿಜ. ಆದರೆ ಕಲಿಯುವವರಿಗೆ ಅದು ಬೇಡ. ಅಲಂಕಾರ ಜಾಸ್ತಿ, ಅಳೆಯಲು ಸಿಗುವುದು ಕಡಿಮೆ. ನನ್ನ ಸಲಹೆ ಜಾನ್ ಫ್ಲಾಮ್‌ಸ್ಟೀಡ್‌ನ ಅಟ್ಲಾಸ್. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ದೂರದರ್ಶಕ ಜೋಡಿಸಿದ ಉಪಕರಣಗಳಿಂದ ಅವನು ದಶಕಗಳ ಕಾಲ ನಕ್ಷತ್ರಗಳನ್ನು ಅಳೆದ. 1719ರಲ್ಲಿ ತೀರಿಕೊಂಡ. ಅವನ ಹೆಂಡತಿ ಮಾರ್ಗರೆಟ್ ಹಳೆಯ ಸಹಾಯಕರನ್ನು ಜೊತೆಗಿಟ್ಟುಕೊಂಡು 1729ರಲ್ಲಿ ಅಟ್ಲಾಸ್ ಹೊರತಂದಳು. ಇದರಲ್ಲಿ ಚಿತ್ರಕ್ಕೂ ಚುಕ್ಕಿಗೂ ಜಗಳವಿಲ್ಲ. ಗೆರೆಗಳೂ ಸ್ಪಷ್ಟ.

ಅದು ಕೈಗೆ ಬಂದ ಮೇಲೆ ಇನ್ನೂ ಮೂರು ಜೋಡಿಸಿಕೊಳ್ಳಿ. ಯೋಹಾನ್ ಬೇಯರ್ 1603ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಿಂದ ತಂದ ಯುರೇನೊಮೆಟ್ರಿಯಾ. ಪೋಲೆಂಡಿನ ಖಗೋಳಜ್ಞ ಹೆವೇಲಿಯಸ್‌ನ ಅಟ್ಲಾಸ್. ಇದನ್ನೂ ಅವನ ಮರಣದ ನಂತರ ಹೆಂಡತಿ ಎಲಿಸಬೆತ್ 1690ರಲ್ಲಿ ಪ್ರಕಟಿಸಿದಳು. ಮೂರನೆಯದು ಯೋಹಾನ್ ಬೋಡೆ 1801ರಲ್ಲಿ ಬರ್ಲಿನ್‌ನಲ್ಲಿ ತಂದ ಯುರೇನೊಗ್ರಾಫಿಯಾ. ಈ ನಾಲ್ಕನ್ನು ಪಕ್ಕಪಕ್ಕ ಇಟ್ಟರೆ ಇನ್ನೂರು ವರ್ಷದ ಕಥೆ ಕಣ್ಣ ಮುಂದೆ ಬರುತ್ತದೆ.

ಹಂತ 1: ಒಳಗಿನಿಂದ ನೋಡಿದ್ದೋ, ಹೊರಗಿನಿಂದಲೋ?

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇದನ್ನು ಬಿಟ್ಟರೆ ಮುಂದಿನದೆಲ್ಲ ತಲೆಕೆಳಗು.

ಆಕಾಶವನ್ನು ಒಂದು ದೊಡ್ಡ ಗೋಳ ಅಂದುಕೊಳ್ಳಿ. ನಾವು ಅದರ ಒಳಗೆ ನಿಂತು ನೋಡುತ್ತೇವೆ. ಆದರೆ ಮೇಜಿನ ಮೇಲೆ ಇಡುವ ಆಕಾಶಗೋಳವನ್ನು ಹೊರಗಿನಿಂದ ನೋಡುತ್ತೇವೆ. ಹೊರಗಿನಿಂದ ನೋಡಿದಾಗ ನಕ್ಷತ್ರಪುಂಜಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ಹಳೆಯ ನಕ್ಷೆಕಾರರು ಎರಡೂ ರೀತಿ ಬರೆದಿದ್ದಾರೆ. 1515ರಲ್ಲಿ ಜರ್ಮನ್ ಕಲಾವಿದ ಡ್ಯೂರರ್ ಮರದಚ್ಚಿನಲ್ಲಿ ಮಾಡಿದ ನಕ್ಷೆಗಳು ಹೊರಗಿನ ನೋಟ. ಹೆವೇಲಿಯಸ್‌ನದೂ ಹೊರಗಿನದೇ. ಬೇಯರ್, ಫ್ಲಾಮ್‌ಸ್ಟೀಡ್, ಬೋಡೆ ಒಳಗಿನಿಂದ ನೋಡಿದವರು.

ಕಂಡುಹಿಡಿಯಲು ಸುಲಭ ದಾರಿ ಹೀಗಿದೆ. ಓರಯನ್ ಇರುವ ಹಾಳೆ ತೆಗೆಯಿರಿ. ನಾವು ಮಹಾವ್ಯಾಧ ಅನ್ನುವುದು ಇದನ್ನೇ. ಅದರ ನಾಲ್ಕು ಮೂಲೆಯ ನಕ್ಷತ್ರಗಳನ್ನು ಈ ಕ್ರಮದಲ್ಲಿ ಬೆರಳಿನಿಂದ ಸುತ್ತಿ: ಬೀಟಲ್‌ಜ್ಯೂಸ್, ಅಂದರೆ ಆರ್ದ್ರಾ, ಆಮೇಲೆ ಇನ್ನೊಂದು ಭುಜದ ಬೆಲಾಟ್ರಿಕ್ಸ್, ಕೆಳಗೆ ರೀಗಲ್, ಕೊನೆಗೆ ಸೈಫ್. ಬೆರಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೋದರೆ ಒಳಗಿನ ನೋಟ. ವಿರುದ್ಧ ದಿಕ್ಕಿನಲ್ಲಿ ಹೋದರೆ ಹೊರಗಿನ ನೋಟ. ಹಾಳೆ ತಲೆಕೆಳಗಾಗಿದ್ದರೂ, ಓರೆಯಾಗಿದ್ದರೂ ಈ ಪರೀಕ್ಷೆ ತಪ್ಪುವುದಿಲ್ಲ. ಹಾಳೆಯನ್ನು ತಿರುಗಿಸುವುದು ಬೇರೆ, ಕನ್ನಡಿಯಂತೆ ಮಗುಚುವುದು ಬೇರೆ. ಎಷ್ಟು ತಿರುಗಿಸಿದರೂ ಸುತ್ತುವ ದಿಕ್ಕು ಬದಲಾಗುವುದಿಲ್ಲ.

ಉತ್ತರದ ಆಕಾಶದ ಹಾಳೆಯಾದರೆ ಸಪ್ತರ್ಷಿಮಂಡಲ ಹಿಡಿಯಿರಿ. ಚೌಕದ ನಾಲ್ಕು ನಕ್ಷತ್ರಗಳಿಗೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಅಂತ ಕ್ರಮವಾಗಿ ಹೆಸರಿದೆ. ಆ ಕ್ರಮದಲ್ಲೇ ಸುತ್ತಿ. ಇಲ್ಲೂ ಅದೇ ನಿಯಮ. ಸಿಂಹದ ಹಾಳೆಯಲ್ಲಿ ಅಷ್ಟೂ ಬೇಕಿಲ್ಲ. ಉತ್ತರ ಮೇಲಿದ್ದಾಗ ಆಕಾಶದ ಸಿಂಹ ಬಲಕ್ಕೆ ಮುಖ ಮಾಡಿರುತ್ತದೆ. ಹೆವೇಲಿಯಸ್‌ನ ಸಿಂಹ ಎಡಕ್ಕೆ ನೋಡುತ್ತದೆ.

ಹೊರಗಿನ ನೋಟ ಅಂತ ಗೊತ್ತಾದ ಕೂಡಲೇ ಚಿತ್ರವನ್ನು ಆಪ್‌ನಲ್ಲಿ ಎಡಬಲ ಮಗುಚಿ, ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಅಕ್ಷರಗಳು ಉಲ್ಟಾ ಕಾಣುತ್ತವೆ, ಪರವಾಗಿಲ್ಲ. ಆಕಾಶಕ್ಕೆ ಹೋಲಿಸಲು ಮಗುಚಿದ್ದು, ಹೆಸರು ಓದಲು ಮೂಲದ್ದು.

ಬೇಯರ್‌ನ ವಿಷಯದಲ್ಲಿ ಒಂದು ತೊಡಕಿದೆ. ಅವನ ನಕ್ಷತ್ರಗಳು ಸರಿಯಾಗಿಯೇ ಇವೆ, ಒಳಗಿನ ನೋಟವೇ. ಆದರೆ ಹಲವು ಮನುಷ್ಯಾಕೃತಿಗಳು ನಮಗೆ ಬೆನ್ನು ತೋರಿಸಿ ನಿಂತಿವೆ. ಹಳೆಯ ಪಟ್ಟಿಗಳಲ್ಲಿ ನಕ್ಷತ್ರದ ಗುರುತನ್ನು ‘ಬಲ ಭುಜದಲ್ಲಿರುವುದು’, ‘ಎಡ ಕಾಲಿನಲ್ಲಿರುವುದು’ ಅಂತ ಕೊಡುತ್ತಿದ್ದರು. ಆಕೃತಿ ನಮ್ಮ ಕಡೆ ಮುಖ ಮಾಡಿದೆ ಅನ್ನುವುದು ಪ್ರಾಚೀನ ಗ್ರೀಕ್ ಖಗೋಳಜ್ಞ ಟಾಲೆಮಿಯ ಕಾಲದಿಂದ ಬಂದ ರೂಢಿ. ಬೆನ್ನು ತಿರುಗಿಸಿದರೆ ಬಲ ಭುಜ ಎಡಕ್ಕೆ ಬಂದುಬಿಡುತ್ತದೆ, ಅಲ್ವಾ? ಫ್ಲಾಮ್‌ಸ್ಟೀಡ್‌ಗೆ ಇದರ ಮೇಲೆ ಬಹಳ ಸಿಟ್ಟಿತ್ತು. ತನ್ನ ಅಟ್ಲಾಸ್‌ನಲ್ಲಿ ಆಕೃತಿಗಳನ್ನು ಟಾಲೆಮಿ ಹೇಳಿದಂತೆ ತಿರುಗಿಸಿ ಬರೆಸಿದ. ಹಾಗಾಗಿ ಬೇಯರ್‌ನ ಹಾಳೆ ಓದುವಾಗ ಕೈಕಾಲುಗಳ ವಿವರಣೆ ನಂಬಬೇಡಿ, ಚುಕ್ಕಿಗಳನ್ನು ಮಾತ್ರ ನಂಬಿ.

ಹಂತ 2: ಅಕ್ಷರ, ಗಾತ್ರ, ಗುರುತು

ಹಾಳೆಯ ಮೂಲೆಯಲ್ಲೋ ಅಟ್ಲಾಸ್‌ನ ಶುರುವಿನಲ್ಲೋ ನಕ್ಷತ್ರದ ಗುರುತುಗಳ ಪಟ್ಟಿ ಇರುತ್ತದೆ. ಒಂದರಿಂದ ಆರರವರೆಗೆ ದರ್ಜೆ. ಒಂದು ಅಂದರೆ ಅತಿ ಪ್ರಕಾಶ, ಆರು ಅಂದರೆ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಮಂಕು. ಗುರುತಿನ ಗಾತ್ರ, ಅದರ ಮೊನೆಗಳ ಸಂಖ್ಯೆ ದರ್ಜೆಯಿಂದ ದರ್ಜೆಗೆ ಬದಲಾಗುತ್ತದೆ. ಈ ಪಟ್ಟಿಯನ್ನು ಮೊದಲು ಟ್ರೇಸಿಂಗ್ ಪೇಪರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ನಕ್ಷತ್ರಗಳ ಪಕ್ಕ ಗ್ರೀಕ್ ಅಕ್ಷರ ಇಡುವ ಪದ್ಧತಿ ಬೇಯರ್‌ನದು. ಇಂದಿಗೂ ಅದೇ ನಡೆಯುತ್ತಿದೆ. ಆಲ್ಫಾ ಅಂದರೆ ಪುಂಜದಲ್ಲೇ ಅತಿ ಪ್ರಕಾಶದ್ದು ಅಂತ ಹಲವು ಕಡೆ ಬರೆದಿರುತ್ತಾರೆ. ಅದು ಪೂರ್ತಿ ನಿಜವಲ್ಲ. ಅವನು ಸುಮಾರಾಗಿ ದರ್ಜೆ ನೋಡಿ ಅಕ್ಷರ ಹಂಚಿದ. ಒಂದೇ ದರ್ಜೆಯ ಒಳಗೆ ಯಾವುದು ಮುಂದೆ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಓರಯನ್‌ನಲ್ಲಿ ಬೀಟಾ ಆಗಿರುವ ರೀಗಲ್ ಸಾಮಾನ್ಯವಾಗಿ ಆಲ್ಫಾಗಿಂತ ಪ್ರಕಾಶ. ಮಿಥುನದಲ್ಲೂ ಬೀಟಾ ಆದ ಪೊಲಕ್ಸ್ ಮುಂದೆ. ಸಪ್ತರ್ಷಿಯಲ್ಲಂತೂ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಅಕ್ಷರ ಕೊಟ್ಟಿದ್ದಾನೆ.

ಓದುವಾಗ ಇನ್ನೊಂದು ತೊಂದರೆ ಎದುರಾಗುತ್ತದೆ. ಆ ಕಾಲದ ಲ್ಯಾಟಿನ್ ಮುದ್ರಣದಲ್ಲಿ ಎಸ್ ಅಕ್ಷರ ಪದದ ನಡುವೆ ಬಂದರೆ ಎಫ್ ತರಹ ಕಾಣುತ್ತದೆ. ಯು ಇರಬೇಕಾದಲ್ಲಿ ವಿ ಇರುತ್ತದೆ. ಇವೆರಡು ಗೊತ್ತಿದ್ದರೆ ಅರ್ಧ ಹೆಸರುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಹಂತ 3: ಗೆರೆಗಳು

ಆಕಾಶಕ್ಕೆ ಎರಡು ರೀತಿಯ ಚೌಕಳಿ ಹಾಕಬಹುದು. ಒಂದು ಭೂಮಿಯ ಸಮಭಾಜಕವನ್ನೇ ಆಕಾಶಕ್ಕೆ ಹಿಗ್ಗಿಸಿ ಹಾಕಿದ್ದು. ಇನ್ನೊಂದು ಕ್ರಾಂತಿವೃತ್ತವನ್ನು, ಅಂದರೆ ಸೂರ್ಯ ವರ್ಷವಿಡೀ ಸಾಗುವ ದಾರಿಯನ್ನು, ಆಧಾರವಾಗಿ ಇಟ್ಟುಕೊಂಡದ್ದು. ಬೇಯರ್ ಮತ್ತು ಹೆವೇಲಿಯಸ್ ಕ್ರಾಂತಿವೃತ್ತದವರು. ಫ್ಲಾಮ್‌ಸ್ಟೀಡ್ ಎರಡನ್ನೂ ಹಾಕಿದ್ದಾನೆ. ಅವನ ಹಾಳೆಯಲ್ಲಿ ಗೆರೆಗಳು ಜಾಸ್ತಿ ಅನಿಸುವುದು ಅದಕ್ಕೇ.

ಬೇಯರ್‌ನ ಹಾಳೆಯ ನಡುವೆ ಗೆರೆಗಳು ತೀರಾ ಕಡಿಮೆ. ಅಂಚಿನಲ್ಲಿ ಮಾತ್ರ ಡಿಗ್ರಿ ಗುರುತು. ನಕ್ಷತ್ರದ ಜಾಗ ಓದಬೇಕಾದರೆ ಎದುರುಬದುರು ಅಂಚುಗಳ ಒಂದೇ ಡಿಗ್ರಿಗೆ ಸ್ಕೇಲ್ ಜೋಡಿಸಿ, ನಕ್ಷತ್ರದ ಮೇಲೆ ಹಾಯುವಂತೆ ಸರಿಸಬೇಕು. ಮುದ್ರಿಸಿದ ಹಾಳೆಯಲ್ಲಿ ಇದು ಪರದೆಗಿಂತ ಸುಲಭ. ಸೂರ್ಯ, ಚಂದ್ರ, ಗ್ರಹಗಳು ಓಡಾಡುವ ಪಟ್ಟಿಯನ್ನು ಅವನು ಬೇರೆಯಾಗಿ ಕಾಣುವಂತೆ ತೋರಿಸಿದ್ದಾನೆ. ಅದರ ನಡುವಿನ ಗೆರೆಯೇ ಕ್ರಾಂತಿವೃತ್ತ.

ಕ್ರಾಂತಿವೃತ್ತದ ಅಂಕಿಗಳು 0ಯಿಂದ 360ರವರೆಗೆ ಒಟ್ಟಾಗಿ ಇರುವುದಿಲ್ಲ. ರಾಶಿಯ ಚಿಹ್ನೆ, ಅದರ ಒಳಗೆ 0ಯಿಂದ 30. ಮೇಷ 0, ವೃಷಭ 30, ಮಿಥುನ 60, ಹೀಗೆ ಕೂಡಿಸಿಕೊಂಡು ಹೋಗಿ. ‘ಸಿಂಹ 24’ ಅಂದರೆ 120ಕ್ಕೆ 24 ಸೇರಿಸಿ 144 ಡಿಗ್ರಿ. ಇಲ್ಲಿ ಮೇಷದ ಆರಂಭ ಅಂದರೆ ವಸಂತ ವಿಷುವದ ಬಿಂದು, ಮಾರ್ಚ್‌ನಲ್ಲಿ ಸೂರ್ಯ ಆಕಾಶದ ಸಮಭಾಜಕವನ್ನು ದಾಟುವ ಜಾಗ. ಪಂಚಾಂಗದ ನಿರಯನ ಲೆಕ್ಕ ಇಲ್ಲಿಗೆ ತರಬೇಡಿ. ಇದು ಪೂರ್ತಿ ಸಾಯನ, ಅಂದರೆ ವಿಷುವ ಬಿಂದುವಿನಿಂದ ಎಣಿಸಿದ್ದು.

ಹಂತ 4: ನಕ್ಷೆಯ ವಯಸ್ಸು ಲೆಕ್ಕ ಹಾಕಿ

ನನಗೆ ಅತ್ಯಂತ ಖುಷಿ ಕೊಡುವ ಭಾಗ ಇದು. ಹಾಳೆಯ ಮೇಲೆ ತಾರೀಖು ಇರದಿದ್ದರೂ ನಕ್ಷತ್ರಗಳೇ ಅದನ್ನು ಹೇಳುತ್ತವೆ.

ಭೂಮಿಯ ಅಕ್ಷ ತೂಗಾಡುವ ಬುಗುರಿಯ ಹಾಗೆ ನಿಧಾನವಾಗಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದೇ ಅಯನಚಲನೆ. ಇದರಿಂದ ವಿಷುವ ಬಿಂದು ಹಿಂದಕ್ಕೆ ಸರಿಯುತ್ತದೆ, ನಕ್ಷತ್ರಗಳ ಅಂಕಿ ಹೆಚ್ಚುತ್ತಾ ಹೋಗುತ್ತದೆ. ವೇಗ ವರ್ಷಕ್ಕೆ 50.3 ವಿಕಲೆ (ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ). ಅಂದರೆ ಒಂದು ಡಿಗ್ರಿಗೆ ಸುಮಾರು 71.6 ವರ್ಷ.

ಹೋಲಿಸಲು 2000ನೇ ವರ್ಷದ ನಾಲ್ಕು ಅಂಕಿ ಬರೆದುಕೊಳ್ಳಿ. ರೋಹಿಣಿ (ಅಲ್ಡೆಬರಾನ್): ಮಿಥುನ 9 ಡಿಗ್ರಿ 47 ಕಲೆ. ಮಘಾ (ರೆಗ್ಯುಲಸ್): ಸಿಂಹ 29 ಡಿಗ್ರಿ 50 ಕಲೆ. ಚಿತ್ತಾ (ಸ್ಪೈಕಾ): ತುಲಾ 23 ಡಿಗ್ರಿ 50 ಕಲೆ. ಜ್ಯೇಷ್ಠಾ (ಆಂಟಾರಿಸ್): ಧನು 9 ಡಿಗ್ರಿ 46 ಕಲೆ. ನಾಲ್ಕೂ ಕ್ರಾಂತಿವೃತ್ತದ ಹತ್ತಿರ ಇವೆ, ನಾಲ್ಕೂ ಎಲ್ಲ ನಕ್ಷೆಗಳಲ್ಲಿ ಸಿಗುತ್ತವೆ.

ಈಗ ಒಂದು ಉದಾಹರಣೆ. ನಿಮ್ಮ ಹಾಳೆಯಲ್ಲಿ ಮಘಾ ಸಿಂಹದ ಇಪ್ಪತ್ತನಾಲ್ಕೂಕಾಲು ಡಿಗ್ರಿಯಲ್ಲಿದೆ ಅಂದುಕೊಳ್ಳಿ. 2000ನೇ ವರ್ಷದ 29 ಡಿಗ್ರಿ 50 ಕಲೆಯಿಂದ ಕಳೆದರೆ 5 ಡಿಗ್ರಿ 35 ಕಲೆ, ಅಂದರೆ 5.58 ಡಿಗ್ರಿ. ಅದನ್ನು 71.6ರಿಂದ ಗುಣಿಸಿದರೆ 400 ವರ್ಷ. 2000ದಿಂದ ಹಿಂದೆ ಹೋದರೆ 1600. ಇದು ಬೇಯರ್‌ನ ನಕ್ಷೆಯ ಕಾಲ. ಮಘಾ 25 ಡಿಗ್ರಿಯ ಸುತ್ತ ಇದ್ದರೆ 1660 ಸಿಗುತ್ತದೆ. ಅದು ಹೆವೇಲಿಯಸ್‌ನದು.

ಎರಡು ವಿಷಯ ನೆನಪಿಡಿ. ಓದುವಾಗ ಕಾಲು ಡಿಗ್ರಿ ಆಚೀಚೆಯಾದರೆ ಉತ್ತರ 18 ವರ್ಷ ಆಚೀಚೆಯಾಗುತ್ತದೆ. ಆದ್ದರಿಂದ ನಾಲ್ಕೂ ನಕ್ಷತ್ರ ಅಳೆದು ಸರಾಸರಿ ತೆಗೆಯಿರಿ. ಎರಡನೆಯದು, ಸಿಗುವ ವರ್ಷ ಮುದ್ರಣದ್ದಲ್ಲ. ಲೆಕ್ಕ ಯಾವ ವರ್ಷಕ್ಕೆ ಹೊಂದಿಸಿದ್ದಾರೋ ಆ ವರ್ಷ. ಹೆವೇಲಿಯಸ್ 1660ರ ಅಂತ್ಯಕ್ಕೆ ಹೊಂದಿಸಿದ, ಅಟ್ಲಾಸ್ ಬಂದದ್ದು 1690ರಲ್ಲಿ. ಫ್ಲಾಮ್‌ಸ್ಟೀಡ್‌ನ ಲೆಕ್ಕ 1690ಕ್ಕೆ, ಮುದ್ರಣ 1729ರಲ್ಲಿ.

ಸ್ವಾತಿಯನ್ನು (ಆರ್ಕ್ಟುರಸ್) ಈ ಲೆಕ್ಕಕ್ಕೆ ಬಳಸಬೇಡಿ. ಅದು ತಾನೇ ವರ್ಷಕ್ಕೆ 2 ವಿಕಲೆಗಿಂತ ಜಾಸ್ತಿ ಸರಿಯುತ್ತದೆ. ಲುಬ್ಧಕವೂ (ಸಿರಿಯಸ್) ಹಾಗೇ, ಸ್ವಲ್ಪ ಕಡಿಮೆ.

ತೀರಾ ಹಳೆಯ ಪಟ್ಟಿಗಳಿಗೆ ಈ ಲೆಕ್ಕ ಹಾಕಿದರೆ ಮಜಾ ಇದೆ. ಟಾಲೆಮಿ ಮಘಾವನ್ನು ಸಿಂಹದ 2 ಡಿಗ್ರಿ 30 ಕಲೆಯಲ್ಲಿ ಇಟ್ಟ. ವ್ಯತ್ಯಾಸ 27 ಡಿಗ್ರಿ 20 ಕಲೆ. ಗುಣಿಸಿದರೆ ಕ್ರಿ.ಶ. 43ರ ಹತ್ತಿರ ಬರುತ್ತದೆ. ಆದರೆ ಅವನ ಪಟ್ಟಿ ಕ್ರಿ.ಶ. 137ರದು. ಅವನ ಅಂಕಿಗಳು ಇರಬೇಕಾದದ್ದಕ್ಕಿಂತ ಒಂದು ಡಿಗ್ರಿಗೂ ಮೀರಿ ಕಡಿಮೆ ಇವೆ. ಅವನು ಅಯನಚಲನೆಯನ್ನು ನೂರು ವರ್ಷಕ್ಕೆ ಒಂದು ಡಿಗ್ರಿ ಅಂತ ನಂಬಿದ್ದ. ತನಗಿಂತ ಹಿಂದಿನ ಗ್ರೀಕ್ ಖಗೋಳಜ್ಞ ಹಿಪಾರ್ಕಸ್‌ನ ಹಳೆಯ ಅಂಕಿಗಳನ್ನೇ ಆ ನಿಧಾನದ ವೇಗದಲ್ಲಿ ಮುಂದೆ ತಳ್ಳಿದ ಅನ್ನುವ ವಾದ ಹುಟ್ಟಿದ್ದು ಇದರಿಂದಲೇ. ಪರ್ಷಿಯಾದ ಅಲ್-ಸೂಫಿ ಕ್ರಿ.ಶ. 964ರ ತನ್ನ ಗ್ರಂಥಕ್ಕೆ ಟಾಲೆಮಿಯ ಅಂಕಿಗಳಿಗೆಲ್ಲ 12 ಡಿಗ್ರಿ 42 ಕಲೆ ಕೂಡಿಸಿದ. ಅವನ ವೇಗ 66 ವರ್ಷಕ್ಕೆ ಒಂದು ಡಿಗ್ರಿ. ಹಾಗೆ ಮಘಾ ಸಿಂಹದ 15 ಡಿಗ್ರಿ 12 ಕಲೆಗೆ ಬಂತು. ನಮ್ಮ ಸೂತ್ರ ಹಾಕಿ ನೋಡಿ, ಅವನ ಕಾಲಕ್ಕೆ ಹತ್ತೇ ವರ್ಷದ ಆಸುಪಾಸಿನ ಉತ್ತರ ಬರುತ್ತದೆ. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಹಾಕಿದೆ!

ಹಂತ 5: ಈಗ ಚಿತ್ರ ನೋಡಿ

ಚಿತ್ರಗಳಿಂದಲೂ ಕಾಲ ಗೊತ್ತಾಗುತ್ತದೆ. ಲೆಕ್ಕಕ್ಕಿಂತ ಒರಟು, ಆದರೆ ಬೇಗ. ಯಾವ ಪುಂಜ ಯಾವಾಗ ಹುಟ್ಟಿತು ಅಂತ ಗೊತ್ತಿದ್ದರೆ, ಅದಕ್ಕಿಂತ ಹಿಂದಿನ ನಕ್ಷೆಯಲ್ಲಿ ಅದು ಇರಲು ಸಾಧ್ಯವಿಲ್ಲ.

ಮೊದಲು ದಕ್ಷಿಣ ಧ್ರುವದ ಸುತ್ತ ನೋಡಿ. ಅಲ್ಲಿ ದೊಡ್ಡ ಖಾಲಿ ಜಾಗ ಇದ್ದರೆ ಅದು ಟಾಲೆಮಿಯ 48 ಪುಂಜಗಳ ಹಳೆಯ ಆಕಾಶ. ಉತ್ತರದವರಿಗೆ ಕಾಣದ ಭಾಗ ಅದು. ಡ್ಯೂರರ್‌ನ ನಕ್ಷೆಯಲ್ಲಿ ಈ ಖಾಲಿ ಎದ್ದು ಕಾಣುತ್ತದೆ. ಅಲ್ಲಿ ನವಿಲು, ಟೂಕಾನ್, ಹಾರುವ ಮೀನು, ಬಣ್ಣದ ಹಕ್ಕಿ ಬಂದಿದ್ದರೆ 1598ರ ನಂತರದ್ದು. ಡಚ್ ನಾವಿಕರಾದ ಕೈಸರ್ ಮತ್ತು ಡಿ ಹೌಟ್‌ಮನ್ ಅಳೆದು ತಂದ ನಕ್ಷತ್ರಗಳಿಂದ ಡಚ್ ನಕ್ಷೆಕಾರ ಪ್ಲಾನ್ಸಿಯಸ್ ತನ್ನ ಗೋಳದ ಮೇಲೆ ಇಂಥ ಹನ್ನೆರಡು ಹೊಸ ಪುಂಜಗಳನ್ನು ಕೂರಿಸಿದ. ಬೇಯರ್ ಹನ್ನೆರಡನ್ನೂ ಒಂದೇ ಹಾಳೆಯಲ್ಲಿ ಹಾಕಿದ್ದಾನೆ.

ಗುರಾಣಿ, ಲಿಂಕ್ಸ್ ಬೆಕ್ಕು, ಬೇಟೆನಾಯಿಗಳು, ಹಲ್ಲಿ, ನರಿ, ಚಿಕ್ಕ ಸಿಂಹ, ಸೆಕ್ಸ್‌ಟಂಟ್ ಇದ್ದರೆ ಹೆವೇಲಿಯಸ್‌ನ ನಂತರ. ಗುರಾಣಿ ಪೋಲೆಂಡಿನ ರಾಜ ಸೋಬಿಯೆಸ್ಕಿಯದು. ಸೆಕ್ಸ್‌ಟಂಟ್ ಅನ್ನುವುದು 1679ರ ಬೆಂಕಿಯಲ್ಲಿ ಸುಟ್ಟುಹೋದ ಹೆವೇಲಿಯಸ್‌ನದೇ ಕೋನ ಅಳೆಯುವ ಉಪಕರಣದ ನೆನಪು. ದೂರದರ್ಶಕ ಗೊತ್ತಿದ್ದೂ ನಕ್ಷತ್ರಗಳ ಜಾಗವನ್ನು ಬರಿಗಣ್ಣಿನಿಂದಲೇ ಅಳೆಯುತ್ತೇನೆ ಅಂತ ಹಟ ಹಿಡಿದವನು ಅವನು. ಲಿಂಕ್ಸ್ ಪುಂಜ ಕಾಣಬೇಕಾದರೆ ಲಿಂಕ್ಸ್‌ನಂಥ ಚುರುಕು ಕಣ್ಣು ಬೇಕು ಅಂತ ತಮಾಷೆ ಬೇರೆ ಮಾಡಿದ್ದಾನೆ.

ಮೈಕ್ರೋಸ್ಕೋಪ್, ದೂರದರ್ಶಕ, ಗಾಳಿ ಪಂಪು, ಗಡಿಯಾರ, ಕುಲುಮೆ ಕಂಡರೆ ಫ್ರಾನ್ಸಿನ ಖಗೋಳಜ್ಞ ಲಕಾಯ್ ಬಂದಿದ್ದಾನೆ ಅಂತ ಅರ್ಥ. 1751, 1752ರಲ್ಲಿ ಗುಡ್‌ಹೋಪ್ ಭೂಶಿರದಲ್ಲಿ ಕೂತು ಸುಮಾರು 10,000 ನಕ್ಷತ್ರ ಅಳೆದು, 14 ಹೊಸ ಪುಂಜ ಮಾಡಿದ. ಹೆಚ್ಚಿನವು ಉಪಕರಣಗಳೇ. ಚೆಂದ ಅನ್ನಲು ಮನಸ್ಸು ಬರುವುದಿಲ್ಲ, ಆದರೆ ಎಲ್ಲವೂ ಉಳಿದುಕೊಂಡಿವೆ. ಆರ್ಗೋ ಅನ್ನುವ ಭಾರಿ ಹಡಗನ್ನು ಅಡಿಗಟ್ಟು, ಹಿಂಭಾಗ, ಹಾಯಿ ಅಂತ ಮೂರು ಮಾಡಿದವನೂ ಅವನೇ. ಗ್ರೀಕ್ ಅಕ್ಷರಗಳನ್ನು ಮಾತ್ರ ಮೂರಕ್ಕೂ ಸೇರಿಸಿ ಒಂದೇ ಸಾಲಾಗಿ ಕೊಟ್ಟ. ಹೀಗಾಗಿ ಅಗಸ್ತ್ಯ ಇರುವ ಅಡಿಗಟ್ಟಿಗೆ ಆಲ್ಫಾ ಸಿಕ್ಕಿತು. ಹಾಯಿಗೂ ಹಿಂಭಾಗಕ್ಕೂ ಇವತ್ತಿಗೂ ಆಲ್ಫಾ ಇಲ್ಲ.

ಬೋಡೆಯ 1801ರ ಅಟ್ಲಾಸ್ ಅಂದರೆ ಜಾತ್ರೆ. 20 ದೊಡ್ಡ ಹಾಳೆ, 17,000ಕ್ಕಿಂತ ಹೆಚ್ಚು ನಕ್ಷತ್ರ, ನೂರರ ಆಸುಪಾಸು ಪುಂಜ. ಬಿಸಿಗಾಳಿ ಬಲೂನು, ಮುದ್ರಣ ಯಂತ್ರ, ವಿದ್ಯುತ್ ಯಂತ್ರ, ಕೊನೆಗೆ ಫ್ರಾನ್ಸಿನ ಲಲಾಂಡ್ ಆಸೆಪಟ್ಟು ಸೇರಿಸಿದ ಬೆಕ್ಕು! ಇವು ಯಾವುವೂ ಬದುಕಲಿಲ್ಲ. ಲಲಾಂಡ್‌ನ ಇನ್ನೊಂದು ಪುಂಜ ಗೋಡೆಯ ಕ್ವಾಡ್ರಂಟ್ ಕೂಡ ಹೋಯಿತು. ಜನವರಿ ಮೊದಲ ವಾರದ ಉಲ್ಕಾವೃಷ್ಟಿಯ ಹೆಸರಿನಲ್ಲಿ ಮಾತ್ರ ಅದು ಇನ್ನೂ ಇದೆ. ಪಟ್ಟಿ 88ಕ್ಕೆ ನಿಂತದ್ದು 1922ರಲ್ಲಿ. ಗಡಿಗಳು ಖಚಿತವಾಗಿ ಪ್ರಕಟವಾದದ್ದು 1930ರಲ್ಲಿ. ಅದಕ್ಕೆ ಮುಂಚೆ ಒಂದೇ ನಕ್ಷತ್ರ ಎರಡು ಪುಂಜದಲ್ಲಿ ಕಂಡರೆ ಗಾಬರಿ ಬೇಡ.

ಈ ನಿಯಮ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಬೆಕ್ಕು ಇದ್ದರೆ 1799ಕ್ಕಿಂತ ಹಿಂದಿನದ್ದಲ್ಲ. ಬೆಕ್ಕು ಇಲ್ಲ ಅಂದರೆ ಏನೂ ಸಾಬೀತಾಗುವುದಿಲ್ಲ. ಹಳೆಯ ಅಚ್ಚಿನ ತಗಡನ್ನೇ ದಶಕಗಟ್ಟಲೆ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದ ಕಾಲ ಅದು. 1627ರಲ್ಲಿ ಯೂಲಿಯಸ್ ಶಿಲ್ಲರ್ ಆಕಾಶವನ್ನೆಲ್ಲ ಬೈಬಲ್ಲಿನ ಆಕೃತಿಗಳಿಂದ ತುಂಬಿಸಿದ, ರಾಶಿಗಳ ಜಾಗದಲ್ಲಿ ಹನ್ನೆರಡು ಮಂದಿ ಅಪೋಸ್ತಲರು. ಅಂಥ ಹಾಳೆ ಸಿಕ್ಕರೆ ಚಿತ್ರದಿಂದ ಕಾಲ ಹುಡುಕಲು ಹೋಗಬೇಡಿ, ಚುಕ್ಕಿಗಳಿಗೆ ವಾಪಸ್ ಬನ್ನಿ.

ಹಂತ 6: ಇಲ್ಲದ ನಕ್ಷತ್ರಗಳನ್ನು ಹುಡುಕಿ

ಸ್ಟೆಲೇರಿಯಮ್‌ನಲ್ಲಿ ನಕ್ಷೆಯ ವರ್ಷಕ್ಕೆ ಹೋಗಿ, ಅದೇ ಪುಂಜವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಹೊರಗಿನ ನೋಟದ ನಕ್ಷೆಯಾದರೆ ಮಗುಚಿದ ಪ್ರತಿಯನ್ನೇ ಬಳಸಿ. ಪ್ರಕಾಶದ ನಕ್ಷತ್ರಗಳಿಂದ ಶುರು ಮಾಡಿ, ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಿ. ನಕ್ಷೆಯಲ್ಲಿ ಇದ್ದು ಆಕಾಶದಲ್ಲಿ ಇಲ್ಲದ್ದು ಸಿಕ್ಕಾಗ ನಿಲ್ಲಿ.

ಬೇಯರ್‌ನ ಕ್ಯಾಸಿಯೋಪಿಯಾದಲ್ಲಿ, ಅಂದರೆ ನಮ್ಮ ಕುಂತಿಯಲ್ಲಿ, ಹೀಗೆ ಒಂದು ದೊಡ್ಡ ನಕ್ಷತ್ರ ಸಿಗುತ್ತದೆ. ಅದು 1572ರಲ್ಲಿ ಟೈಕೋ ಬ್ರಾಹೆ ನೋಡಿದ ಸೂಪರ್‌ನೋವಾ, ಅಂದರೆ ಸ್ಫೋಟಿಸಿದ ನಕ್ಷತ್ರ. 1574ರ ಹೊತ್ತಿಗೇ ಬರಿಗಣ್ಣಿಗೆ ಮರೆಯಾಗಿತ್ತು. ಅಷ್ಟು ದೊಡ್ಡ ಘಟನೆಯನ್ನು ಬಿಡಲು ಬೇಯರ್‌ಗೆ ಮನಸ್ಸಾಗಲಿಲ್ಲ. ರಾಜಹಂಸದ ಕತ್ತಿನ ಬುಡದಲ್ಲಿ ‘ಪಿ’ ಅಕ್ಷರದ ನಕ್ಷತ್ರ ನೋಡಿ. 1600ರಲ್ಲಿ ಇದ್ದಕ್ಕಿದ್ದಂತೆ ಕಂಡದ್ದು ಅದು. ಮಂಕಾಗಿದ್ದರೂ ಈಗಲೂ ಇದೆ. ನಕ್ಷೆಯಲ್ಲಿ ಒಫಿಯೂಕಸ್‌ನ, ಅಂದರೆ ಹಾವು ಹಿಡಿದವನ, ಕಾಲಿನ ಬಳಿ 1604ರ ಹೊಸ ನಕ್ಷತ್ರ ಇದ್ದರೆ ಅದು ಕೆಪ್ಲರ್‌ನ ಸೂಪರ್‌ನೋವಾ. ಆ ಹಾಳೆ ಬೇಯರ್‌ನ ಮೊದಲ ಮುದ್ರಣಕ್ಕಿಂತ ಈಚಿನದು ಅನ್ನುವುದಕ್ಕೆ ಅದೇ ಸಾಕ್ಷಿ.

ಎಲ್ಲಕ್ಕಿಂತ ಒಳ್ಳೆಯ ಬೇಟೆ ಫ್ಲಾಮ್‌ಸ್ಟೀಡ್‌ನ ವೃಷಭದಲ್ಲಿ. 1690ರಲ್ಲಿ ಅವನು ಒಂದು ಮಂಕು ನಕ್ಷತ್ರದ ಜಾಗ ಬರೆದಿಟ್ಟ. ಮುಂದೆ ಅದಕ್ಕೆ ವೃಷಭದ 34ನೇ ನಕ್ಷತ್ರ ಅಂತ ಹೆಸರಾಯಿತು. ಆ ಜಾಗದಲ್ಲಿ ಈಗ ಏನೂ ಇಲ್ಲ. 1781ರಲ್ಲಿ ಹರ್ಷೆಲ್ ಯುರೇನಸ್ ಕಂಡುಹಿಡಿದ ಮೇಲೆ ಬೋಡೆ ಹಳೆಯ ಪಟ್ಟಿಗಳನ್ನು ಜಾಲಾಡಿದ. ಫ್ಲಾಮ್‌ಸ್ಟೀಡ್ ಬರೆದಿಟ್ಟದ್ದು ಆ ಗ್ರಹವನ್ನೇ! ತೊಂಬತ್ತು ವರ್ಷ ಮುಂಚೆ ಸಿಕ್ಕಿತ್ತು, ಗುರುತು ಸಿಗಲಿಲ್ಲ ಅಷ್ಟೆ. ಸ್ಟೆಲೇರಿಯಮ್‌ನಲ್ಲಿ 1690ರ ಡಿಸೆಂಬರ್‌ಗೆ ಹೋಗಿ ಯುರೇನಸ್ ಎಲ್ಲಿದೆ ಅಂತ ಹುಡುಕಿ, ನೀವೇ ನೋಡಿ.

ಹಂತ 7: ಹೊರಗೆ ಒಯ್ಯಿರಿ

ಒಂದು ಪುಂಜ ಆರಿಸಿ. ಟ್ರೇಸಿಂಗ್ ಪೇಪರಿನಲ್ಲಿ ನಾಲ್ಕನೇ ದರ್ಜೆವರೆಗಿನ ಚುಕ್ಕಿಗಳನ್ನು ಮಾತ್ರ ತೆಗೆದುಕೊಳ್ಳಿ, ಚಿತ್ರ ಬಿಡಿ. ಹೊರಗಿನ ನೋಟದ ಹಾಳೆಯಾದರೆ ಸುಮ್ನೆ ಪೇಪರನ್ನು ಹಿಂದುಮುಂದು ಮಾಡಿದರೆ ಸಾಕು. ಕೆಂಪು ಬೆಳಕಿನ ಟಾರ್ಚ್ ಹಿಡಿದು ಆಕಾಶಕ್ಕೆ ಹೋಲಿಸಿ. ಚುಕ್ಕಿಗಳು ಹೊಂದಿದ ಮೇಲೆ ಒಳಗೆ ಬಂದು ಚಿತ್ರ ಸೇರಿಸಿ. ಕೆತ್ತನೆಗಾರ ಎಲ್ಲಿ ನಕ್ಷತ್ರಕ್ಕೆ ಬದ್ಧನಾಗಿದ್ದ, ಎಲ್ಲಿ ಮನಸ್ಸಿಗೆ ಬಂದಂತೆ ಗೆರೆ ಎಳೆದ ಅನ್ನುವುದು ಆಗ ಕಾಣುತ್ತದೆ.

ಇದೇ ಕೆಲಸಕ್ಕೆ ಅಂತಲೇ ಮಾಡಿದ್ದು ಯುರೇನಿಯಾಸ್ ಮಿರರ್. 1824ರ ಸುಮಾರಿಗೆ ಲಂಡನ್‌ನಲ್ಲಿ ಬಂದ 32 ಕಾರ್ಡುಗಳ ಪೆಟ್ಟಿಗೆ. ನಕ್ಷತ್ರ ಇರುವಲ್ಲಿ ತೂತು. ಕಾರ್ಡನ್ನು ಬೆಳಕಿಗೆ ಹಿಡಿದರೆ ಪುಂಜ ಹೊಳೆಯುತ್ತದೆ. ಚಿತ್ರಗಳು ಎರಡು ವರ್ಷ ಮುಂಚಿನ ಅಲೆಕ್ಸಾಂಡರ್ ಜೇಮಿಸನ್‌ನ ಅಟ್ಲಾಸ್‌ನಿಂದ ಎತ್ತಿದವು. ಸ್ಕ್ಯಾನ್ ಮುದ್ರಿಸಿ, ದಪ್ಪ ಹಾಳೆಗೆ ಅಂಟಿಸಿ, ಸೂಜಿಯಿಂದ ಚುಚ್ಚಿ ಮಾಡಿಕೊಳ್ಳಬಹುದು. ದರ್ಜೆ ನೋಡಿ ತೂತಿನ ಗಾತ್ರ ಬದಲಿಸಿ.

ಯುರೋಪಿನ ಆಚೆಯ ನಕ್ಷೆಗಳು

ಇವಕ್ಕೆ ಮೇಲಿನ ಹಂತಗಳು ಹಾಗೇ ಹೊಂದುವುದಿಲ್ಲ. ಅಲ್-ಸೂಫಿಯ ಹಸ್ತಪ್ರತಿಗಳಲ್ಲಿ ಪ್ರತಿ ಪುಂಜಕ್ಕೂ ಎರಡು ಚಿತ್ರ: ಒಂದು ಆಕಾಶದಲ್ಲಿ ಕಂಡಂತೆ, ಒಂದು ಗೋಳದ ಮೇಲೆ ಕಂಡಂತೆ. ಹಂತ 1ರ ತಲೆನೋವನ್ನು ಅವನು ಸಾವಿರ ವರ್ಷದ ಹಿಂದೆಯೇ ಬಿಡಿಸಿಟ್ಟ. ಬೇರೆಯವರು ಯಾಕೆ ಇದನ್ನು ಹಿಡಿಯಲಿಲ್ಲವೋ! ಆಂಡ್ರೋಮಿಡಾ ಗ್ಯಾಲಕ್ಸಿಯನ್ನು ‘ಚಿಕ್ಕ ಮೋಡ’ ಅಂತ ಗುರುತಿಸಿದ್ದೂ ಅವನ ಗ್ರಂಥದಲ್ಲಿದೆ.

ಚೀನಾದ ಡನ್‌ಹುವಾಂಗ್ ನಕ್ಷೆ 7ನೇ ಶತಮಾನದ್ದು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ, ಆನ್‌ಲೈನ್‌ನಲ್ಲೂ ನೋಡಬಹುದು. 1,300ಕ್ಕಿಂತ ಹೆಚ್ಚು ನಕ್ಷತ್ರ, ಪುಂಜಗಳಿಗೆ ಪ್ರಾಣಿ ಮನುಷ್ಯರ ಆಕೃತಿ ಇಲ್ಲ. ಚುಕ್ಕಿ, ಅವನ್ನು ಜೋಡಿಸುವ ಗೆರೆ, ಅಷ್ಟೆ. ಚುಕ್ಕಿಗಳ ಬಣ್ಣ ಬೇರೆಬೇರೆ ಇರುವುದು ಪ್ರಕಾಶಕ್ಕಲ್ಲ, ಮೂರು ಹಳೆಯ ಖಗೋಳ ಪರಂಪರೆಗಳ ಪಟ್ಟಿಯನ್ನು ಬೇರ್ಪಡಿಸಲು. ಅಂಚಿನಲ್ಲಿ ಡಿಗ್ರಿ ಇಲ್ಲ, ಹಾಗಾಗಿ ಹಂತ 3, 4 ಬಿಟ್ಟುಬಿಡಿ. ಹನ್ನೆರಡು ಭಾಗ ಸಾಲಾಗಿ, ಕೊನೆಗೆ ಉತ್ತರ ಧ್ರುವದ ಸುತ್ತಿನ ಒಂದು ವೃತ್ತ. ಆ ವೃತ್ತದಿಂದಲೇ ಶುರು ಮಾಡಿ. ಸಪ್ತರ್ಷಿಯ ಏಳು ನಕ್ಷತ್ರ ಕೂಡಲೇ ಸಿಗುತ್ತವೆ. ಅಲ್ಲಿಂದ ಮುಂದಕ್ಕೆ ಸ್ಟೆಲೇರಿಯಮ್‌ನಲ್ಲಿ ಚೀನೀ ಆಕಾಶ ಆರಿಸಿಕೊಂಡರೆ ಉಳಿದ ಗುಂಪುಗಳ ಹೆಸರೂ ಜಾಗವೂ ಪರದೆಯ ಮೇಲೆ ಬರುತ್ತವೆ.

ಮೂಲ ಹಾಳೆ ಕೊಳ್ಳುವವರಿಗೆ

ಭೂತಗನ್ನಡಿ ಹಿಡಿದು ಗೆರೆ ನೋಡಿ. ಸಣ್ಣ ಸಣ್ಣ ಬಣ್ಣದ ಚುಕ್ಕಿಗಳ ಜಾಲ ಕಂಡರೆ ಅದು ಈಚಿನ ಮುದ್ರಣ. ತಾಮ್ರದ ತಗಡಿನ ಅಚ್ಚಿನಲ್ಲಿ ಗೆರೆ ಗಟ್ಟಿಯಾಗಿ, ಒಡೆಯದೆ ಇರುತ್ತದೆ. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗಬೇಕು. 1800ಕ್ಕಿಂತ ಹಿಂದಿನ ಕಾಗದವನ್ನು ಬೆಳಕಿಗೆ ಹಿಡಿದರೆ ಹೆಚ್ಚಾಗಿ ಸಮಾನಾಂತರ ಗೆರೆಗಳು ಕಾಣುತ್ತವೆ. ಬೇಯರ್‌ನ ಹಾಳೆ ಅಂತ ಹೇಳಿದರೆ ತಿರುಗಿಸಿ ನೋಡಿ. 1603ರ ಮೊದಲ ಮುದ್ರಣದಲ್ಲಿ ಹಿಂಬದಿಯಲ್ಲಿ ಆ ಪುಂಜದ ನಕ್ಷತ್ರಗಳ ಪಟ್ಟಿ ಇರುತ್ತದೆ. ಬಣ್ಣ ಇದೆ ಅಂತ ಜಾಸ್ತಿ ಹಣ ಕೊಡುವ ಮುಂಚೆ ಆ ಬಣ್ಣ ಯಾವ ಕಾಲದ್ದು ಅಂತ ಕೇಳಿ. ಎಷ್ಟೋ ಹಾಳೆಗಳಿಗೆ ಮಾರುವವರು ತೀರಾ ಈಚೆಗೆ ಹಚ್ಚಿಸಿರುತ್ತಾರೆ.